ಸಮುದ್ರವಿಲ್ಲದ ದೇಶದ ಹಡಗು

2009ರ ಮಳೆಗಾಲದಲ್ಲಿ, ಎರಡು ತಿಂಗಳು ತುಂಬುವುದರೊಳಗೆ, ನಮ್ಮ ದೇಶದ ಎರಡು ಕರಾವಳಿಗಳಲ್ಲಿ ಎರಡು ಸರಕು ಹಡಗುಗಳು ಮುಳುಗಿದವು.

ಮೊದಲನೆಯದು ‘ಏಷ್ಯನ್ ಫಾರೆಸ್ಟ್’. ನವ ಮಂಗಳೂರು ಬಂದರಿನಲ್ಲಿ ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಚೀನಾಕ್ಕೆ ಹೊರಟಿತ್ತು. ಜುಲೈ 17ರಂದು, ದಡದಿಂದ ಹೆಚ್ಚು ದೂರ ಹೋಗುವ ಮೊದಲೇ ಒಂದು ಕಡೆಗೆ ವಾಲಿತು, ಮತ್ತೆ ನೆಟ್ಟಗಾಗಲಿಲ್ಲ. ಹಡಗಿನಲ್ಲಿದ್ದ 18 ಮಂದಿಯನ್ನು ಕರಾವಳಿ ಕಾವಲು ಪಡೆ ಪಾರು ಮಾಡಿತು. ಎರಡನೆಯದು ‘ಬ್ಲ್ಯಾಕ್ ರೋಸ್’. ಸೆಪ್ಟೆಂಬರ್ 9ರಂದು ಒಡಿಶಾದ ಪಾರಾದೀಪ ಬಂದರಿನ ಹೊರಗೆ, 23 ಸಾವಿರ ಟನ್ನಿಗೂ ಹೆಚ್ಚು ಅದಿರಿನ ಪುಡಿಯ ಸಮೇತ ಮಗುಚಿತು. 27 ಮಂದಿಯಲ್ಲಿ 26 ಮಂದಿ ಬದುಕಿದರು. ಮುಖ್ಯ ಎಂಜಿನಿಯರ್ ತೀರಿಕೊಂಡರು.

ಸರಕು ಒಂದೇ, ಮುಳುಗಿದ ಬಗೆಯೂ ಒಂದೇ. ಹಡಗುಗಳ ನಡುವೆ ಮಾತ್ರ ಅಜಗಜಾಂತರ. ಏಷ್ಯನ್ ಫಾರೆಸ್ಟ್ 2007ರಲ್ಲಿ ಕಟ್ಟಿದ ಹೊಚ್ಚ ಹೊಸ ಹಡಗು. ಹಾಂಗ್‌ಕಾಂಗ್‌ನಲ್ಲಿ ನೋಂದಣಿ, ಹಡಗು ಲೋಕದಲ್ಲಿ ಅದು ಒಳ್ಳೆಯ ಹೆಸರಿರುವ ಬಾವುಟ. ಬ್ಲ್ಯಾಕ್ ರೋಸ್ ಮೂವತ್ತು ವರ್ಷ ದಾಟಿದ ಮುದಿ ಹಡಗು, ಅದರ ಮೇಲೆ ಹಾರುತ್ತಿದ್ದದ್ದು ಮಂಗೋಲಿಯಾದ ಬಾವುಟ. ರಷ್ಯಾ ಮತ್ತು ಚೀನಾಗಳ ನಡುವೆ ಸಿಕ್ಕಿಕೊಂಡಿರುವ ಮಂಗೋಲಿಯಾಕ್ಕೆ ಒಂದು ಗೇಣು ಕರಾವಳಿಯೂ ಇಲ್ಲ. ಆದರೂ 2003ರಿಂದ ಅದು ಹಡಗುಗಳನ್ನು ನೋಂದಾಯಿಸುತ್ತಿದೆ, ಆ ಕೆಲಸ ನಡೆಯುವುದು ಸಿಂಗಪುರದಲ್ಲಿ.

ಸಮುದ್ರ ಕಾಣದ ದೇಶದ ಬಾವುಟ ಹೊತ್ತ ಹಡಗು ಮುಳುಗಿತು ಎಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಒಳ್ಳೆಯ ಬಾವುಟದ ಹೊಸ ಹಡಗು ಅದೇ ಕಾರಣಕ್ಕೆ ಮುಳುಗಿದ್ದು ಹೇಗೆ? ಹಾಗಾದರೆ ಬಾವುಟದಿಂದ ಏನಾದರೂ ವ್ಯತ್ಯಾಸ ಆಗುತ್ತದೆಯೇ? ಈ ಅಧ್ಯಾಯದ ಪ್ರಶ್ನೆ ಅದು. ಉತ್ತರ ಹುಡುಕಲು ಮೊದಲು ಹಡಗಿನ ಹೊಟ್ಟೆಯೊಳಗೆ ಇಳಿಯಬೇಕು.

ಪುಡಿ ಪಾಯಸವಾದಾಗ

ಬಳ್ಳಾರಿ, ಸಂಡೂರು, ಹೊಸಪೇಟೆಯ ಗಣಿಗಳಲ್ಲಿ ಅಗೆದ ಅದಿರನ್ನು ಜರಡಿ ಹಿಡಿದಾಗ ದಪ್ಪ ಕಲ್ಲು ಒಂದು ಕಡೆ, ನುಣ್ಣನೆಯ ಪುಡಿ ಇನ್ನೊಂದು ಕಡೆ ಆಗುತ್ತದೆ. ಈ ಪುಡಿಗೆ ಗಣಿಯವರು ‘ಫೈನ್ಸ್’ ಎನ್ನುತ್ತಾರೆ. ಚೀನಾದ ಬೇಡಿಕೆ ಮುಗಿಲು ಮುಟ್ಟಿದ್ದ ವರ್ಷಗಳಲ್ಲಿ ಈ ಪುಡಿ ಲಾರಿಗಳಲ್ಲಿ, ರೈಲುಗಳಲ್ಲಿ ಮಂಗಳೂರು, ಕಾರವಾರ, ಬೇಲೆಕೇರಿಗೆ ಹರಿದು ಬಂದು ಬಯಲಿನಲ್ಲೇ ಗುಡ್ಡೆಯಾಗಿ ಬಿದ್ದಿರುತ್ತಿತ್ತು. ಕರಾವಳಿಯ ಜೂನ್ ಮಳೆ ಅದರ ಮೇಲೆ ಸುರಿಯುತ್ತಿತ್ತು.

ಒದ್ದೆ ಪುಡಿ ನೋಡಲು ಗಟ್ಟಿಯಾಗಿಯೇ ಇರುತ್ತದೆ. ಕಣಕ್ಕೆ ಕಣ ತಾಗಿಕೊಂಡು, ಘರ್ಷಣೆಯ ಬಲದಿಂದ ರಾಶಿ ನಿಂತಿರುತ್ತದೆ. ಕಣಗಳ ನಡುವಿನ ಸಂದುಗಳಲ್ಲಿ ಒಂದಿಷ್ಟು ಗಾಳಿ, ಒಂದಿಷ್ಟು ನೀರು. ಹಡಗು ಹೊರಟ ಮೇಲೆ ಎಂಜಿನ್ನಿನ ಅದುರು, ಅಲೆಯ ತೂಗಾಟ ಗಂಟೆಗಟ್ಟಲೆ ಆ ರಾಶಿಯನ್ನು ಅಲ್ಲಾಡಿಸುತ್ತವೆ. ಕಣಗಳು ಕುಸಿದು ಒತ್ತೊತ್ತಾಗಿ ಕೂರುತ್ತವೆ, ಸಂದುಗಳು ಕಿರಿದಾಗುತ್ತವೆ, ಗಾಳಿ ಹೊರಗೆ ಹೋಗುತ್ತದೆ. ನೀರಿಗೆ ಹೋಗಲು ಜಾಗವಿಲ್ಲ. ಅದರ ಒತ್ತಡ ಏರುತ್ತಾ ಹೋಗಿ, ಕಣಗಳನ್ನು ಒಂದರಿಂದ ಒಂದು ಬಿಡಿಸುವಷ್ಟಾಗುತ್ತದೆ. ಆ ಕ್ಷಣಕ್ಕೆ ಘರ್ಷಣೆ ಸತ್ತುಹೋಗುತ್ತದೆ, ಸಾವಿರಾರು ಟನ್ ಗಟ್ಟಿ ವಸ್ತು ಹರಿಯತೊಡಗುತ್ತದೆ. ಭೂಕಂಪದಲ್ಲಿ ಮರಳು ನೆಲ ಕಟ್ಟಡಗಳನ್ನು ನುಂಗುವುದೂ ಇದೇ ಭೌತವಿಜ್ಞಾನದಿಂದ. ಇದಕ್ಕೆ ದ್ರವೀಕರಣ ಎಂದು ಹೆಸರು.

ಅದಿರು ಬಹಳ ಭಾರ. ಆದ್ದರಿಂದ ಹಡಗು ಹೊರಬಲ್ಲಷ್ಟು ತೂಕ ತುಂಬಿದರೂ ಸರಕಿನ ಕೋಣೆ ತುಂಬುವುದಿಲ್ಲ, ರಾಶಿಯ ಮೇಲೂ ಪಕ್ಕಗಳಲ್ಲೂ ಖಾಲಿ ಜಾಗ ಉಳಿಯುತ್ತದೆ. ಅಲೆಗೆ ಹಡಗು ಎಡಕ್ಕೆ ವಾಲಿದಾಗ ದ್ರವವಾದ ಅದಿರೂ ಎಡಕ್ಕೆ ಹರಿಯುತ್ತದೆ. ಹಡಗು ಬಲಕ್ಕೆ ಮರಳುವಾಗ ಅದಿರು ಪೂರ್ತಿ ಮರಳುವುದಿಲ್ಲ. ಅಲೆಯಿಂದ ಅಲೆಗೆ ವಾಲು ಹೆಚ್ಚುತ್ತದೆ. ಕೊನೆಗೆ ಹಡಗು ಮಗುಚುವುದಕ್ಕೆ ಕೆಲವು ನಿಮಿಷ ಸಾಕು.

ಇದನ್ನು ತಡೆಯಲು ಸಮುದ್ರಯಾನದ ನಿಯಮ ಒಂದು ಮಿತಿ ಹಾಕಿದೆ. ಎಷ್ಟು ತೇವಾಂಶಕ್ಕೆ ಅದಿರು ಹರಿಯತೊಡಗುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಕೊಳ್ಳಬೇಕು. ಅದರ ಶೇಕಡ 90ಕ್ಕಿಂತ ಹೆಚ್ಚು ತೇವ ಇರುವ ಸರಕನ್ನು ಮಾಮೂಲಿ ಹಡಗಿಗೆ ತುಂಬಬಾರದು. ಹಡಗಿನ ಅಧಿಕಾರಿಗಳಿಗೂ ಒಂದು ಸರಳ ಪರೀಕ್ಷೆ ಇದೆ. ಅರ್ಧದಿಂದ ಒಂದು ಲೀಟರ್ ಹಿಡಿಯುವ ಡಬ್ಬಿಯಲ್ಲಿ ಅರ್ಧಕ್ಕೆ ಅದಿರು ತುಂಬಿ, ಗಟ್ಟಿ ಮೇಜಿನ ಮೇಲೆ 20 ಸೆಂಟಿಮೀಟರ್ ಎತ್ತರದಿಂದ, ಒಂದೆರಡು ಸೆಕೆಂಡಿಗೆ ಒಂದರಂತೆ 25 ಸಲ ಕುಟ್ಟಬೇಕು. ಮೇಲೆ ನೀರು ಪಸೆಯೊಡೆದರೆ ಲೋಡಿಂಗ್ ನಿಲ್ಲಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಓದುಗರೂ ಮಾಡಿ ನೋಡಬಹುದು. ಮಳೆ ಬಂದ ಮರುದಿನ ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಮನೆ ಕಟ್ಟುವ ಕಡೆ ರಸ್ತೆಗೆ ಸುರಿದಿರುವ ಎಂ-ಸ್ಯಾಂಡ್ ಒಂದು ಹಿಡಿ ಸಾಕು. ಗಟ್ಟಿಯಾಗಿ ಉಂಡೆ ಕಟ್ಟಲು ಬರುತ್ತಿದ್ದ ಮರಳು ಹದಿನೈದಿಪ್ಪತ್ತು ಏಟಿಗೆ ಮಿರಮಿರ ಮಿನುಗಿ ಡಬ್ಬಿಯಲ್ಲಿ ತುಳುಕತೊಡಗಿದರೆ, ಅಷ್ಟು ತೇವದ ಸರಕು ಹಡಗಿನಲ್ಲಿ ಏನು ಮಾಡಬಹುದೆಂದು ಕಣ್ಣಾರೆ ಕಾಣಬಹುದು. ಆದರೆ ಈ ಪರೀಕ್ಷೆ ಅಪಾಯವನ್ನು ತೋರಿಸಬಲ್ಲದೇ ಹೊರತು, ಪಸೆ ಕಾಣಲಿಲ್ಲ ಎಂದ ಮಾತ್ರಕ್ಕೆ ಸರಕು ಸುರಕ್ಷಿತ ಎಂದು ಹೇಳುವಂತಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ತೇವಾಂಶದ ಪ್ರಮಾಣಪತ್ರ ಕೊಡಬೇಕಾದವರು ಅದಿರು ಕಳಿಸುವ ವ್ಯಾಪಾರಿ. ಅದನ್ನು ನೋಡಿಕೊಳ್ಳಬೇಕಾದದ್ದು ಸರಕು ತುಂಬುವ ದೇಶ. ಅಂದರೆ ಈ ಎರಡು ಹಡಗುಗಳ ಮಟ್ಟಿಗೆ ಅದು ನಾವು. 2010ರಲ್ಲಿ ನಮ್ಮ ನೌಕಾಯಾನ ಮಹಾನಿರ್ದೇಶನಾಲಯ ಅದಿರಿನ ಪುಡಿ ತುಂಬುವ ಬಗ್ಗೆ ಕಟ್ಟುನಿಟ್ಟಿನ ಸೂಚನೆ ಹೊರಡಿಸಿತು. ಅದೇ ವರ್ಷ ಜುಲೈನಲ್ಲಿ ಕರ್ನಾಟಕ ಸರ್ಕಾರ ಅಕ್ರಮ ಗಣಿಗಾರಿಕೆಯ ಕಾರಣಕ್ಕೆ ಅದಿರಿನ ರಫ್ತನ್ನೇ ನಿಲ್ಲಿಸಿತು. ಸರಕಿನ ಹೊಣೆ ತುಂಬುವ ದೇಶದ್ದಾದ್ದರಿಂದ, ಏಷ್ಯನ್ ಫಾರೆಸ್ಟ್ ಮುಳುಗಿದ್ದಕ್ಕೆ ಅದರ ಬಾವುಟ ಕಾರಣವಲ್ಲ.

ಪುದುಚೇರಿ ನಂಬರ್ ಪ್ಲೇಟ್

ಹಾಗಾದರೆ ಬಾವುಟದ ಕೆಲಸವೇನು? ಜಯನಗರದ ರಸ್ತೆಗಳಲ್ಲಿ ಕೆಎ-05 ನಂಬರಿನ ಕಾರುಗಳ ನಡುವೆ ಆಗಾಗ ಪಿವೈ ಎಂದು ಶುರುವಾಗುವ ನಂಬರಿನ ದುಬಾರಿ ಕಾರೊಂದು ಕಾಣುತ್ತದೆ. ಮಾಲೀಕರು ಇಲ್ಲಿಯವರೇ, ಕಾರು ಓಡುವುದೂ ಇಲ್ಲೇ. ಕರ್ನಾಟಕದ ರಸ್ತೆ ತೆರಿಗೆ ತಪ್ಪಿಸಲು ಪುದುಚೇರಿಯಲ್ಲಿ ನೋಂದಣಿ ಮಾಡಿಸಿರುತ್ತಾರೆ. ಹಡಗಿನ ವಿದೇಶಿ ನೋಂದಣಿಯ ಮೂಲ ತರ್ಕವೂ ಇದೇ. ಒಂದು ದೊಡ್ಡ ವ್ಯತ್ಯಾಸವಿದೆ. ಪುದುಚೇರಿ ಕಾರನ್ನು ಬೆಂಗಳೂರಿನ ಪೊಲೀಸರು ಸಿಗ್ನಲ್ಲಿನಲ್ಲಿ ನಿಲ್ಲಿಸಬಹುದು. ನಡುಸಮುದ್ರದಲ್ಲಿ ಹಡಗಿನ ಮೇಲೆ ಬಾವುಟದ ದೇಶಕ್ಕೆ ಬಿಟ್ಟರೆ ಸಾಮಾನ್ಯವಾಗಿ ಬೇರೆ ಯಾರಿಗೂ ಅಧಿಕಾರವಿಲ್ಲ. ಅದರ ಉಕ್ಕು ಎಷ್ಟು ತುಕ್ಕು ಹಿಡಿದಿದೆ, ಸಿಬ್ಬಂದಿ ಎಷ್ಟು ಗಂಟೆ ನಿದ್ದೆ ಮಾಡಿದರು, ಅಪಘಾತವಾದರೆ ತನಿಖೆ ಯಾರು ಮಾಡಬೇಕು, ಇವೆಲ್ಲ ಮೊದಲಿಗೆ ಆ ದೇಶದ ಪಾಲಿನ ಕೆಲಸ.

ಈ ವ್ಯವಸ್ಥೆಗೆ ನೂರು ವರ್ಷದ ಚರಿತ್ರೆಯಿದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು, ಅಮೆರಿಕದ ಬಾವುಟದ ಹಡಗುಗಳಲ್ಲಿ ಮದ್ಯ ಮಾರುವಂತಿರಲಿಲ್ಲ. 1922ರಲ್ಲಿ ‘ರಿಲಯನ್ಸ್’ ಮತ್ತು ‘ರೆಸಲ್ಯೂಟ್’ ಎಂಬ ಎರಡು ಪ್ರಯಾಣಿಕರ ಹಡಗುಗಳನ್ನು ಪನಾಮಾಕ್ಕೆ ವರ್ಗಾಯಿಸಲಾಯಿತು. ಪ್ರಯಾಣಿಕರಿಗೆ ಮದ್ಯ ಸಿಕ್ಕಿತು, ಮಾಲೀಕರಿಗೆ ದಾರಿ ಸಿಕ್ಕಿತು. ಕಡಿಮೆ ತೆರಿಗೆ, ಯಾವ ದೇಶದ ನಾವಿಕರನ್ನು ಬೇಕಾದರೂ ಕೆಲಸಕ್ಕೆ ಇಟ್ಟುಕೊಳ್ಳುವ ಸ್ವಾತಂತ್ರ್ಯ, ಹೆಚ್ಚು ಪ್ರಶ್ನೆ ಕೇಳದ ಕಚೇರಿ. 1948ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಎಡ್ವರ್ಡ್ ಸ್ಟೆಟಿನಿಯಸ್ ಮುಂದೆ ನಿಂತು ಲೈಬೀರಿಯಾಕ್ಕೂ ಇಂಥ ನೋಂದಣಿ ಕಟ್ಟಿಕೊಟ್ಟರು. ಆಫ್ರಿಕಾದ ಆ ದೇಶದ ಹಡಗು ನೋಂದಣಿ ಇವತ್ತಿಗೂ ನಡೆಯುವುದು ಅಮೆರಿಕದ ವರ್ಜೀನಿಯಾದಿಂದ. ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳು, ಈ ಮೂರೇ ದೇಶಗಳ ಬಾವುಟದಡಿ ಜಗತ್ತಿನ ಹಡಗುಗಳ ಒಟ್ಟು ಸಾಮರ್ಥ್ಯದ ಐದನೇ ಎರಡು ಭಾಗಕ್ಕೂ ಹೆಚ್ಚು ಇದೆ. ಭಾರತದ ಬಾವುಟದಡಿ ಇರುವುದು ನೂರಕ್ಕೆ ಒಂದರ ಆಸುಪಾಸು.

2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡ ‘ಎವರ್ ಗಿವನ್’ ನೆನಪಿರಬಹುದು. ಅದರ ಮಾಲೀಕರು ಜಪಾನಿನವರು, ಓಡಿಸುವ ಕಂಪನಿ ತೈವಾನಿನದು, ನಿರ್ವಹಣೆಯ ಗುತ್ತಿಗೆ ಜರ್ಮನಿಯವರದು, ಬಾವುಟ ಪನಾಮಾದ್ದು, 25 ಸಿಬ್ಬಂದಿಯೂ ಭಾರತೀಯರು, ಸಿಕ್ಕಿಕೊಂಡದ್ದು ಈಜಿಪ್ಟಿನಲ್ಲಿ. ಹಡಗು ಯಾವ ದೇಶದ್ದು ಎಂಬ ಪ್ರಶ್ನೆಗೆ ಈಗ ಒಂದೇ ಉತ್ತರವಿಲ್ಲ.

ನಿಯಮ ಒಂದೇ, ಕಾಯುವವರು ಬೇರೆ

ಸುರಕ್ಷತೆಯ ನಿಯಮಗಳೇನೋ ಎಲ್ಲ ಬಾವುಟಗಳಿಗೂ ಕಾಗದದ ಮೇಲೆ ಹೆಚ್ಚುಕಡಿಮೆ ಒಂದೇ. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹುಟ್ಟಿದ ಸೋಲಾಸ್ ಒಪ್ಪಂದ ಜೀವರಕ್ಷಕ ದೋಣಿಯಿಂದ ಬೆಂಕಿ ಆರಿಸುವ ಪಂಪಿನವರೆಗೆ ಎಲ್ಲವನ್ನೂ ಹೇಳುತ್ತದೆ. ಮಾಲಿನ್ಯಕ್ಕೆ ಮಾರ್ಪೋಲ್ ಇದೆ. ಪ್ರಶ್ನೆ ಇರುವುದು ಅದನ್ನು ಯಾರು ನೋಡುತ್ತಾರೆ ಎಂಬಲ್ಲಿ.

ಸಾವಿರಾರು ಹಡಗುಗಳನ್ನು ನೋಂದಾಯಿಸಿಕೊಂಡ ಸಣ್ಣ ದೇಶ ತನ್ನ ಇನ್‌ಸ್ಪೆಕ್ಟರುಗಳನ್ನು ಎಲ್ಲಿಗೆಂದು ಕಳಿಸೀತು? ಆ ಕೆಲಸವನ್ನು ಅದು ವರ್ಗೀಕರಣ ಸಂಸ್ಥೆಗಳಿಗೆ ವಹಿಸುತ್ತದೆ. ಮುಂಬೈಯಲ್ಲಿರುವ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಅಂಥದ್ದೊಂದು. ಈ ಸಂಸ್ಥೆಗಳ ತಜ್ಞರು ಹಡಗಿನ ಉಕ್ಕಿನ ದಪ್ಪ ಅಳೆದು, ಯಂತ್ರ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಆದರೆ ಶುಲ್ಕ ಕಟ್ಟುವವರು ಹಡಗಿನ ಮಾಲೀಕರೇ. ಈ ನಂಟು ಎಲ್ಲಿಗೆ ಮುಟ್ಟಬಹುದೆಂದು 1999ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಕರಾವಳಿಯಲ್ಲಿ ಮುರಿದು ಬಿದ್ದ, ಮಾಲ್ಟಾ ಬಾವುಟದ ತೈಲ ಹಡಗು ‘ಎರಿಕಾ’ ತೋರಿಸಿತು. 2012ರಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ, ಪ್ರಮಾಣಪತ್ರ ಕೊಟ್ಟ ಇಟಲಿಯ ಸಂಸ್ಥೆಯನ್ನೂ ಹೊಣೆಯಾಗಿಸಿದ ತೀರ್ಪನ್ನು ಎತ್ತಿಹಿಡಿಯಿತು.

ಬಾವುಟದ ದೇಶವನ್ನು ನಂಬಿ ಕೂರಲಾಗದು ಎಂದು ಯೂರೋಪು ಅದಕ್ಕೂ ಮೊದಲೇ ಕಲಿತಿತ್ತು. 1978ರ ಮಾರ್ಚ್‌ನಲ್ಲಿ ಲೈಬೀರಿಯಾ ಬಾವುಟದ ‘ಅಮೊಕೊ ಕಾಡಿಜ್’ ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಬಂಡೆಗೆ ಬಡಿದು ಎರಡು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾತೈಲ ಸುರಿಯಿತು. 1982ರಲ್ಲಿ ಯೂರೋಪಿನ ದೇಶಗಳು ಪ್ಯಾರಿಸ್‌ನಲ್ಲಿ ಒಂದು ಒಡಂಬಡಿಕೆ ಮಾಡಿಕೊಂಡವು. ಯಾವ ಬಾವುಟದ ಹಡಗೇ ಆಗಲಿ, ನಮ್ಮ ಬಂದರಿಗೆ ಬಂದರೆ ನಾವು ಹತ್ತಿ ನೋಡುತ್ತೇವೆ, ದೋಷವಿದ್ದರೆ ತಡೆದು ನಿಲ್ಲಿಸುತ್ತೇವೆ, ನೋಡಿದ್ದನ್ನು ಒಬ್ಬರಿಗೊಬ್ಬರು ತಿಳಿಸುತ್ತೇವೆ ಎಂಬುದು ಅದರ ಸಾರ. ಇದೇ ಮಾದರಿಯ ಹಿಂದೂ ಮಹಾಸಾಗರದ ಒಡಂಬಡಿಕೆ 1999ರಿಂದ ಜಾರಿಯಲ್ಲಿದೆ. ಅದರ ಕಚೇರಿ ಇರುವುದು ಕಾರವಾರದ ಪಕ್ಕದ ಗೋವಾದಲ್ಲಿ.

ಬಂದರಿನ ಇನ್‌ಸ್ಪೆಕ್ಟರ್ ಏಣಿ ಹತ್ತಿ ಮೊದಲು ಕಾಗದಪತ್ರ ನೋಡುತ್ತಾರೆ. ಆಮೇಲೆ ಹಡಗು ಸುತ್ತುತ್ತಾರೆ. ಜೀವರಕ್ಷಕ ದೋಣಿಯನ್ನು ಇಳಿಸಿ ತೋರಿಸಿ ಎನ್ನುತ್ತಾರೆ. ತುರ್ತು ಜನರೇಟರ್ ಚಾಲೂ ಮಾಡಿಸುತ್ತಾರೆ. ಬೆಂಕಿ ಪಂಪಿನ ನೀರು ಎಷ್ಟು ಚಿಮ್ಮುತ್ತದೆ ನೋಡುತ್ತಾರೆ. ಅಡುಗೆಮನೆಗೂ ಹೋಗುತ್ತಾರೆ. ತುಕ್ಕು ತಿಂದ ಕಡೆ ಬಣ್ಣ ಬಳಿದಿದ್ದರೆ ಪುಟ್ಟ ಸುತ್ತಿಗೆಯಲ್ಲಿ ತಟ್ಟಿ ನೋಡುತ್ತಾರೆ. ದೋಷ ದೊಡ್ಡದಿದ್ದರೆ ಹಡಗು ಅಲ್ಲೇ ನಿಲ್ಲಬೇಕು. ನಿಂತ ಒಂದೊಂದು ದಿನವೂ ಮಾಲೀಕರಿಗೆ ಲಕ್ಷಗಟ್ಟಲೆ ರೂಪಾಯಿ ನಷ್ಟ. ಅದಕ್ಕಾಗಿಯೇ ಈ ಕ್ರಮಕ್ಕೆ ಹಲ್ಲಿದೆ.

ಇಂಥ ತಪಾಸಣೆಗಳ ಲೆಕ್ಕದಿಂದಲೇ ಬಾವುಟಗಳಿಗೆ ಅಂಕ ಬೀಳುತ್ತದೆ. ಅಲ್ಲಿ ಕಂಡುಬಂದದ್ದು ನಮ್ಮ ಪೂರ್ವಗ್ರಹಕ್ಕೆ ಹೊಂದುವುದಿಲ್ಲ. ಒಂದು ಕಾಲಕ್ಕೆ ಅಪಖ್ಯಾತಿ ಪಡೆದಿದ್ದ ಲೈಬೀರಿಯಾ ಮತ್ತು ಮಾರ್ಷಲ್ ದ್ವೀಪಗಳು ವರ್ಷಗಳಿಂದ ಒಳ್ಳೆಯವರ ಪಟ್ಟಿಯಲ್ಲಿವೆ. ಸಿಕ್ಕಿಬಿದ್ದ ಹಡಗುಗಳ ಸಂಖ್ಯೆ ಹೆಚ್ಚಾದರೆ ಒಳ್ಳೆಯ ಗಿರಾಕಿಗಳು ಬೇರೆ ಬಾವುಟಕ್ಕೆ ಹೋಗುತ್ತಾರೆ ಎಂಬ ಭಯ ಅವನ್ನು ತಿದ್ದಿತು. ವಿದೇಶಿ ಬಾವುಟವೆಲ್ಲ ಮೋಸ ಎನ್ನುವುದು ತಪ್ಪು ತೀರ್ಮಾನ.

ಮುಳುಗಿದ ಮೇಲೆ

ಬಾವುಟದ ನಿಜವಾದ ಬೆಲೆ ತಿಳಿಯುವುದು ಅನಾಹುತದ ನಂತರ. ಬ್ಲ್ಯಾಕ್ ರೋಸ್ ಮುಳುಗಿದಾಗ ಅದು ತೋರಿಸಿದ್ದ ವಿಮೆಯ ಕಾಗದ ನಕಲಿ ಎಂದು ವರದಿಗಳು ಬಂದವು. ಎಣ್ಣೆ ಹೊರತೆಗೆಯುವ, ಹೆಣದಂತೆ ಬಿದ್ದ ಹಡಗನ್ನು ಎತ್ತುವ ಖರ್ಚು ಯಾರದು ಎಂದು ಕೇಳಿದರೆ ಎದುರಿಗೆ ಯಾರೂ ಇರಲಿಲ್ಲ. ಸಿಂಗಪುರದ ಕಚೇರಿಯಲ್ಲಿ ನೋಂದಣಿಯಾದ, ಮಂಗೋಲಿಯಾದ ಬಾವುಟದ ಹಡಗಿನ ಹೊರೆ ಪಾರಾದೀಪದ ತಲೆಗೆ ಬಂತು.

ನಮ್ಮ ಕರಾವಳಿಗೂ ಈ ಪಾಠ ಹೊಸದಲ್ಲ. 2006ರ ಮೇ 30ರಂದು ಪನಾಮಾ ಬಾವುಟದ ‘ಓಷನ್ ಸೆರಾಯಾ’ ಕಾರವಾರದ ಆಯ್ಸ್ಟರ್ ರಾಕ್ ದ್ವೀಪದ ಬಳಿ ಬಂಡೆಗೆ ಬಡಿಯಿತು. ಅದರಲ್ಲಿದ್ದ ಸುಮಾರು 650 ಟನ್ ಇಂಧನ ಎಣ್ಣೆ ಸಮುದ್ರ ಸೇರತೊಡಗಿ ಕಾರವಾರದಿಂದ ಗೋವಾದವರೆಗೆ ದಡ ಕಪ್ಪಾಯಿತು, ಮಳೆಗಾಲದ ಅಬ್ಬರಕ್ಕೆ ಹಡಗು ಒಡೆದು ಹೋಯಿತು. 2022ರ ಜೂನ್‌ನಲ್ಲಿ 8,000 ಟನ್ ಉಕ್ಕಿನ ಸುರುಳಿ ಹೊತ್ತು ಚೀನಾದಿಂದ ಲೆಬನಾನಿಗೆ ಹೊರಟಿದ್ದ ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದ ಬಳಿ ಮುಳುಗಿತು, 15 ಮಂದಿ ಸಿರಿಯಾ ನಾವಿಕರನ್ನು ಕರಾವಳಿ ಕಾವಲು ಪಡೆ ಉಳಿಸಿತು. 2025ರ ಮೇ 25ರಂದು ಲೈಬೀರಿಯಾ ಬಾವುಟದ ‘ಎಂಎಸ್‌ಸಿ ಎಲ್ಸಾ 3’ 640 ಕಂಟೇನರುಗಳೊಂದಿಗೆ ಕೊಚ್ಚಿಯ ಬಳಿ ಮುಳುಗಿ, ಪ್ಲಾಸ್ಟಿಕ್ ಹರಳುಗಳು ಕೇರಳದ ದಡಕ್ಕೆ ಬಂದು ಬಿದ್ದವು. ಇನ್ನೊಂದು ಹದಿನೈದು ದಿನಕ್ಕೆ ಸಿಂಗಪುರ ಬಾವುಟದ ‘ವಾನ್ ಹೈ 503’ ಹೊತ್ತಿ ಉರಿಯಿತು, ಬದುಕುಳಿದ 18 ನಾವಿಕರನ್ನು ನೌಕಾಪಡೆ ತಂದು ಇಳಿಸಿದ್ದು ಮಂಗಳೂರಿನ ಪಣಂಬೂರಿನಲ್ಲಿ.

ಬ್ಲ್ಯಾಕ್ ರೋಸ್‌ನಂಥ ಪ್ರಕರಣಗಳಿಗೆ ಈಗ ಉತ್ತರ ಇದೆ. ಇಂಧನ ಎಣ್ಣೆಯ ಮಾಲಿನ್ಯಕ್ಕೂ, ಮುಳುಗಿದ ಹಡಗನ್ನು ತೆರವುಗೊಳಿಸುವುದಕ್ಕೂ ವಿಮೆ ಕಡ್ಡಾಯ ಮಾಡುವ ಎರಡು ಅಂತರರಾಷ್ಟ್ರೀಯ ಒಪ್ಪಂದಗಳಿವೆ, ಭಾರತವೂ ಅವುಗಳಲ್ಲಿ ಸೇರಿದೆ. ಅದಕ್ಕಿಂತ ಹರಿತವಾದ ಅಸ್ತ್ರ ಇನ್ನೊಂದು: ಹಡಗಿನ ಬಂಧನ. ಮಾಲೀಕರು ಎಲ್ಲಿದ್ದಾರೋ ಗೊತ್ತಿಲ್ಲದಿದ್ದರೆ ಹಡಗನ್ನೇ ಪ್ರತಿವಾದಿ ಮಾಡಿ ಹಿಡಿದಿಟ್ಟುಕೊಳ್ಳುವ ಅಧಿಕಾರ ನ್ಯಾಯಾಲಯಕ್ಕಿದೆ. ಎಲ್ಸಾ 3 ಪ್ರಕರಣದಲ್ಲಿ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೋದಾಗ, ಅಲ್ಲಿನ ಹೈಕೋರ್ಟ್ ವಿಳಿಂಞಂನಲ್ಲಿದ್ದ ಅದೇ ಬಳಗದ ಇನ್ನೊಂದು ಹಡಗನ್ನು ಬಂಧಿಸಲು ಆದೇಶಿಸಿತು. 2017ರ ಅಡ್ಮಿರಾಲ್ಟಿ ಕಾಯ್ದೆ ಇದೇ ಅಧಿಕಾರವನ್ನು ಕರ್ನಾಟಕ ಹೈಕೋರ್ಟಿಗೂ ಕೊಟ್ಟಿದೆ. ಜಯನಗರದಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ವಿಧಾನಸೌಧದ ನಿಲ್ದಾಣದಲ್ಲಿ ಇಳಿದರೆ ಎದುರಿಗೆ ಕಾಣುವ ಆ ಕೆಂಪು ಕಟ್ಟಡದಿಂದ, ಸಮುದ್ರದಿಂದ ನೂರಾರು ಕಿಲೊಮೀಟರ್ ದೂರ ಕೂತು, ಮಂಗಳೂರಿನಲ್ಲಿ ಲಂಗರು ಹಾಕಿದ ಹಡಗನ್ನು ನಿಲ್ಲಿಸಬಹುದು.

ಏಳು ಅಂಕಿಗಳ ಗುರುತು

ಹಡಗಿನ ಹೆಸರು ಬದಲಾಗುತ್ತದೆ, ಮಾಲೀಕ ಬದಲಾಗುತ್ತಾನೆ, ಬಾವುಟ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಐಎಂಒ, ಅಂದರೆ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯ ಸಂಖ್ಯೆ. ಹಡಗು ಹುಟ್ಟಿದಾಗ ಬಂದ ಈ ಏಳು ಅಂಕಿ ಗುಜರಿಗೆ ಹೋಗುವವರೆಗೂ ಜೊತೆಗಿರುತ್ತದೆ, ಹಡಗಿನ ಮೈಮೇಲೆ ಅಳಿಸದಂತೆ ಕೆತ್ತಿರಬೇಕು. ಬರೆಯುವಾಗ ತಪ್ಪಾಗದಿರಲಿ ಎಂದು ಅದರೊಳಗೇ ಒಂದು ಲೆಕ್ಕ ಅಡಗಿಸಿಟ್ಟಿದ್ದಾರೆ. ಎವರ್ ಗಿವನ್ ಹಡಗಿನ ಸಂಖ್ಯೆ 9811000. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ: 63, 48, 5, 4, 0, 0. ಕೂಡಿದರೆ 120. ಮೊತ್ತದ ಕೊನೆಯ ಅಂಕಿ ಸೊನ್ನೆ, ಸಂಖ್ಯೆಯ ಕೊನೆಯ ಅಂಕಿಯೂ ಸೊನ್ನೆ. ತಾಳೆಯಾಗದಿದ್ದರೆ ಆ ಸಂಖ್ಯೆ ತಪ್ಪು, ಇಲ್ಲವೇ ಸುಳ್ಳು. ಈಕ್ವಾಸಿಸ್ ಎಂಬ ಉಚಿತ ಜಾಲತಾಣದಲ್ಲಿ ಈ ಸಂಖ್ಯೆ ಕೊಟ್ಟರೆ ಹಡಗಿನ ವಯಸ್ಸು, ಬಾವುಟಗಳು, ವಿಮೆ, ಯಾವ ಬಂದರಿನಲ್ಲಿ ಎಷ್ಟು ದಿನ ತಡೆಹಿಡಿದಿದ್ದರು ಎಂಬುದೆಲ್ಲ ಸಿಗುತ್ತದೆ.

ಇದು ಬೆಂಗಳೂರಿನ ಓದುಗರಿಗೆ ಏಕೆ ಬೇಕು? ಬಿಟಿಎಂ ಬಡಾವಣೆಯ ಆಚೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿ, ಜಿಗಣಿಯಲ್ಲಿ ಕೊಯ್ದ ಗ್ರಾನೈಟ್ ವಿದೇಶಕ್ಕೆ ಹೋಗುವುದು ಹಡಗಿನಲ್ಲಿ. ಹಡಗನ್ನು ಉಳಿಸಲು ಮಾಡಿದ ಖರ್ಚನ್ನು ಅದರಲ್ಲಿ ಸರಕಿಟ್ಟ ಎಲ್ಲರೂ ಹಂಚಿಕೊಳ್ಳಬೇಕೆಂಬ ಪುರಾತನ ನಿಯಮ ಈಗಲೂ ಇದೆ. ಎವರ್ ಗಿವನ್ ಸಿಕ್ಕಿಕೊಂಡಾಗ ಅದನ್ನೇ ಜಾರಿ ಮಾಡಿದರು. ತನ್ನ ಕಂಟೇನರಿಗೆ ಒಂದು ಗೀರೂ ಬೀಳದಿದ್ದರೂ ವ್ಯಾಪಾರಿ ತನ್ನ ಪಾಲಿನ ಹಣಕ್ಕೆ ಭದ್ರತೆ ಕೊಟ್ಟೇ ಸರಕು ಬಿಡಿಸಿಕೊಳ್ಳಬೇಕು. ವಿಮೆ ಮಾಡಿಸದ ಸಣ್ಣ ವ್ಯಾಪಾರಿಗೆ ಅದು ದೊಡ್ಡ ಪೆಟ್ಟು.

ಆದ್ದರಿಂದ ಎರಡು ಮಾತು. ಸರಕು ಕಳಿಸುವವರು ಅಗ್ಗದ ಬಾಡಿಗೆಗೆ ಕೈಯೊಡ್ಡುವ ಮೊದಲು ಹಡಗಿನ ಹೆಸರು ಮತ್ತು ಐಎಂಒ ಸಂಖ್ಯೆ ಕೇಳಿ ನೋಡಿಕೊಳ್ಳಿ, ಸರಕಿಗೆ ವಿಮೆ ಮಾಡಿಸಿ. ಮಗನನ್ನೋ ಮಗಳನ್ನೋ ಹಡಗಿನ ಕೆಲಸಕ್ಕೆ ಕಳಿಸುವ ತಂದೆತಾಯಿ, ಏಜೆಂಟರ ಬಳಿ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇದೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಆ ಏಳು ಅಂಕಿ ಕೇಳಿ. ಪರವಾನಗಿಯನ್ನೂ ಸಂಖ್ಯೆಯನ್ನೂ ತೋರಿಸಲು ಹಿಂದೇಟು ಹಾಕುವವರ ಹಡಗು ಯಾವ ದೇಶದ ಬಾವುಟ ಹಾರಿಸಿದರೂ ಅದನ್ನು ಹತ್ತಬೇಡಿ.